ಇದ್ದ ಪಕ್ಷದಲ್ಲಿ, ಯಾವ ಪಕ್ಷದಲ್ಲಿ?

ಚುನಾವಣೆ ಹತ್ತಿರ ಬಂದಾಗ, ಇಲ್ಲವೇ ಯಾರಾದರೂ ಹಿರಿಯರ ಜಯಂತಿ ಬಂದಾಗ, ಹೋಟೆಲಿನ ಮೇಜಿನ ಸುತ್ತಲೂ ಟಿ.ವಿ. ಚರ್ಚೆಯಲ್ಲೂ ಒಂದು ಪ್ರಶ್ನೆ ತಪ್ಪದೆ ಎದ್ದುಬರುತ್ತದೆ: ವಿಶ್ವೇಶ್ವರಯ್ಯನವರು ಈಗ ಬದುಕಿದ್ದ ಪಕ್ಷದಲ್ಲಿ ಯಾವ ಪಕ್ಷದಲ್ಲಿ ಇರುತ್ತಿದ್ದರು? ವಿಶ್ವೇಶ್ವರಯ್ಯನವರ ಜಾಗದಲ್ಲಿ ಒಮ್ಮೆ ಅಂಬೇಡ್ಕರ್ ಬರುತ್ತಾರೆ, ಒಮ್ಮೆ ನಾಲ್ವಡಿ ಕೃಷ್ಣರಾಜ ಒಡೆಯರು, ಒಮ್ಮೆ ಬಸವಣ್ಣನವರೇ ಬರುತ್ತಾರೆ. ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಉತ್ತರವೂ ಹೆಚ್ಚು ಕಡಿಮೆ ಬದಲಾಗುವುದಿಲ್ಲ. ಹೇಳುವವರು ಯಾವ ಪಕ್ಷದವರೋ ಹಿರಿಯರೂ ಅದೇ ಪಕ್ಷದವರಾಗಿಬಿಡುತ್ತಾರೆ.

ಆ ಪ್ರಶ್ನೆಯನ್ನು ಇನ್ನೊಮ್ಮೆ ಓದಿನೋಡಿ. ಅದರಲ್ಲಿ ‘ಪಕ್ಷ’ ಎರಡು ಸಲ ಬಂದಿದೆ. ‘ಬದುಕಿದ್ದ ಪಕ್ಷದಲ್ಲಿ’ ಎಂಬಲ್ಲಿ ಅದಕ್ಕೆ ‘ಒಂದು ವೇಳೆ’ ಎಂಬ ಅರ್ಥ. ‘ಯಾವ ಪಕ್ಷದಲ್ಲಿ’ ಎಂಬಲ್ಲಿ ಬಾವುಟ, ಚಿಹ್ನೆ, ಕಚೇರಿ, ಸದಸ್ಯತ್ವದ ರಸೀದಿ ಎಲ್ಲ ಇರುವ ಸಂಸ್ಥೆ. ಒಂದೇ ಪದ ಒಂದೇ ವಾಕ್ಯದಲ್ಲಿ ಊಹೆಯೂ ಆಗಿದೆ, ಸಂಸ್ಥೆಯೂ ಆಗಿದೆ. ಈ ಎರಡು ಅರ್ಥಗಳ ನಡುವೆ ಎರಡು ಸಾವಿರ ವರ್ಷಕ್ಕೂ ಮೀರಿದ ಹಾದಿಯಿದೆ. ಆ ಹಾದಿಯನ್ನು ನಡೆದುನೋಡಿದರೆ ಪ್ರಶ್ನೆಯಲ್ಲೇ ಇರುವ ತೊಡಕು ಬಿಡಿಸಿಕೊಳ್ಳುತ್ತದೆ ಎಂಬುದು ನನ್ನ ನಂಬಿಕೆ.

ಪಕ್ಷ ಎಂದರೆ ಮೊದಲಿಗೆ ರೆಕ್ಕೆ. ವೇದದ ಕಾಲದಿಂದಲೂ ಈ ಅರ್ಥ ಇದೆ. ರೆಕ್ಕೆಯುಳ್ಳದ್ದು ಪಕ್ಷಿ. ಆ ಪಕ್ಷಿ ಕನ್ನಡಕ್ಕೆ ಬಂದು ಪಕ್ಕಿಯಾಯಿತು, ಪಕಾರ ಹಕಾರವಾಗುವ ಕಾಲದಲ್ಲಿ ಹಕ್ಕಿಯಾಯಿತು. ಪಕ್ಷ ಎಂಬುದರಿಂದಲೇ ಪಕ್ಕ ಬಂತೆಂದು ನಿಘಂಟುಕಾರರು ತದ್ಭವ ತೋರಿಸುತ್ತಾರೆ. ಆಶ್ಚರ್ಯವೆಂದರೆ ಹಕ್ಕಿ ತನ್ನ ಪಕಾರವನ್ನು ಕಳೆದುಕೊಂಡರೂ ಪಕ್ಕ ಹಾಗೆಯೇ ಉಳಿದುಕೊಂಡಿತು. ಅಕ್ಕಪಕ್ಕ, ಪಕ್ಕದ ಮನೆ, ಪಕ್ಕೆಲುಬು, ಪಕ್ಕವಾದ್ಯ: ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಈ ಮಾತುಗಳೆಲ್ಲ ಆ ರೆಕ್ಕೆಯ ಬಳಗವೇ. ಮೈಯ ಒಂದು ಮಗ್ಗುಲು ಸ್ವಾಧೀನ ತಪ್ಪಿದರೆ ನಾವು ಲಕ್ವ ಎನ್ನುತ್ತೇವೆ. ಆಯುರ್ವೇದದವರಿಗೆ ಅದು ಪಕ್ಷಾಘಾತ. ಬೆಟ್ಟಗಳಿಗೂ ಹಿಂದೆ ಪಕ್ಷಗಳಿದ್ದವಂತೆ. ಅವು ಮನಬಂದಲ್ಲಿ ಹಾರಿ ಇಳಿಯುತ್ತಿದ್ದುದರಿಂದ ಇಂದ್ರ ಅವುಗಳ ರೆಕ್ಕೆ ಕತ್ತರಿಸಿದ, ಮೈನಾಕವೊಂದು ಕಡಲಲ್ಲಿ ಅಡಗಿ ಉಳಿದುಕೊಂಡಿತು ಎಂದು ರಾಮಾಯಣದ ಸುಂದರಕಾಂಡದಲ್ಲಿ ಆ ಮೈನಾಕವೇ ಹನುಮಂತನಿಗೆ ಹೇಳುತ್ತದೆ.

ರೆಕ್ಕೆಯಿಂದ ತಿಂಗಳ ಅರ್ಧಕ್ಕೆ ಈ ಪದ ದಾಟಿದ್ದು ಸಹಜವಾಗಿಯೇ. ತಿಂಗಳಿಗೂ ಎರಡು ಮಗ್ಗುಲು: ಚಂದ್ರ ಬೆಳೆಯುವ ಶುಕ್ಲಪಕ್ಷ, ಕರಗುವ ಕೃಷ್ಣಪಕ್ಷ. ಭಾದ್ರಪದದ ಕೃಷ್ಣಪಕ್ಷ ಪಿತೃಪಕ್ಷ. ಹಳೆ ಮೈಸೂರಿನ ಕಡೆ ಇದಕ್ಕೆ ಬರೀ ‘ಪಕ್ಷ’ ಎಂದರೂ ಸಾಕು. ‘ಪಕ್ಷದ ಹಬ್ಬಕ್ಕೆ ಬನ್ನಿ’ ಎಂದು ನೆಂಟರನ್ನು ಕರೆಯುತ್ತಾರೆ. ಅಂದು ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ತಾತನಿಗೆ ಯಾವ ತಿಂಡಿ ಇಷ್ಟವಿತ್ತು, ಅಜ್ಜಿ ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದರೆ ಇಲ್ಲವೆ ಎಂದು ವಿಚಾರಿಸಿ, ಅವರು ತಿನ್ನುತ್ತಿದ್ದುದನ್ನೇ ಇಡುತ್ತಾರೆ. ಮನೆಯವರಿಗೆ ಬೇಕಾದದ್ದನ್ನು ಹಿರಿಯರ ಹೆಸರಿನಲ್ಲಿ ಇಡುವುದಿಲ್ಲ. ಹಿರಿಯರ ವಿಷಯದಲ್ಲಿ ನಮ್ಮ ರಾಜಕೀಯದ ಮಾತಿಗಿಂತ ನಮ್ಮ ಅಡುಗೆಮನೆ ಹೆಚ್ಚು ಪ್ರಾಮಾಣಿಕವಾಗಿದೆ.

ನನಗೆ ಅತ್ಯಂತ ಪ್ರಿಯವಾದದ್ದು ಈ ಪದದ ಮೂರನೆಯ ಬಾಳು, ತರ್ಕಶಾಲೆಯಲ್ಲಿ ಅದು ಕಳೆದ ಬಾಳು. ನ್ಯಾಯಶಾಸ್ತ್ರ ಕಲಿಯಲು ಕೂತ ಹುಡುಗನಿಗೆ ಹೇಳಿಕೊಡುವ ಮೊದಲ ಉದಾಹರಣೆ ಬೆಟ್ಟದ್ದು. ದೂರದ ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಇಲ್ಲಿ ಬೆಟ್ಟವೇ ಪಕ್ಷ. ಹೊಗೆಯೂ ಬೆಂಕಿಯೂ ಒಟ್ಟಿಗಿರುವುದನ್ನು ನಾವು ಕಂಡು ಬಲ್ಲ ಅಡುಗೆಮನೆ ಸಪಕ್ಷ. ಬೆಂಕಿ ಇರುವುದಿಲ್ಲವೆಂದು ಖಚಿತವಾಗಿ ಗೊತ್ತಿರುವ ಕೆರೆ ವಿಪಕ್ಷ. ಹದಿನೇಳನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ ಇಂದಿಗೂ ಪಾಠಶಾಲೆಗಳಲ್ಲಿ ಮೊದಲ ಪಠ್ಯ. ಅದರ ಪ್ರಕಾರ ಸಾಧಿಸಬೇಕಾದ ಸಂಗತಿ ಇದೆಯೋ ಇಲ್ಲವೋ ಎಂಬ ಸಂದೇಹ ಎಲ್ಲಿದೆಯೋ ಅದು ಪಕ್ಷ. ಈ ಮಾತನ್ನು ಮನಸ್ಸಿಟ್ಟು ಕೇಳಬೇಕು. ಇಂದು ಪಕ್ಷ ಎಂದರೆ ಸಂದೇಹಕ್ಕೆ ಎಡೆಯೇ ಇಲ್ಲದ ಜಾಗ ಎಂದುಕೊಂಡಿದ್ದೇವೆ. ತರ್ಕದವರಿಗೆ ಸಂದೇಹ ಉಳಿದಿರುವ ತನಕ ಮಾತ್ರ ಅದು ಪಕ್ಷ. ಸಂದೇಹ ಹರಿದ ಮೇಲೆ ಸಿದ್ಧಾಂತ.

ವಾದದ ಕ್ರಮವನ್ನೂ ಇದೇ ಪದ ಹೊತ್ತುಕೊಂಡಿತು. ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ನಿಲುವು. ಅದನ್ನು ಎದುರಾಳಿಯೇ ಮೆಚ್ಚುವಷ್ಟು ಬಲವಾಗಿ ಮಂಡಿಸಬೇಕು, ಅವನಿಗೆ ಹೊಳೆಯದ ಯುಕ್ತಿಯನ್ನೂ ಸೇರಿಸಿ ಹೇಳಬೇಕು. ಆಮೇಲೆ ಉತ್ತರ. ವಿಜಯನಗರದ ಮೊದಲ ದಿನಗಳ ಮಾಧವನ ‘ಸರ್ವದರ್ಶನಸಂಗ್ರಹ’ ಶುರುವಾಗುವುದು ಚಾರ್ವಾಕರಿಂದ. ದೇವರಿಲ್ಲ, ಪರಲೋಕವಿಲ್ಲ ಎಂದ ಚಾರ್ವಾಕರ ಮೂಲಗ್ರಂಥ ಇಂದು ನಮ್ಮ ಕೈಗೆ ಸಿಗುವುದಿಲ್ಲ. ಅವರು ಏನು ಹೇಳಿದರೆಂದು ತಿಳಿಯಬೇಕಾದರೆ ಅವರನ್ನು ಖಂಡಿಸಿದವರ ಪುಸ್ತಕಗಳನ್ನೇ ತೆರೆಯಬೇಕು. ಒಂದು ಪಕ್ಷ ಅಳಿದುಹೋಗದೆ ಉಳಿದದ್ದು ಅದರ ವಿರೋಧಿಗಳು ಅದನ್ನು ಪೂರ್ವಪಕ್ಷವಾಗಿ ಬರೆದಿಟ್ಟದ್ದರಿಂದ. ಇದಕ್ಕಿಂತ ದೊಡ್ಡ ಬೌದ್ಧಿಕ ಔದಾರ್ಯವನ್ನು ನಾನು ಕಾಣೆ.

‘ಪಕ್ಷಾಂತರ’ ಕೂಡ ಈ ಮನೆಯಲ್ಲಿ ಹುಟ್ಟಿದ ಪದ. ಒಂದು ಸೂತ್ರಕ್ಕೆ ಒಂದು ಅರ್ಥ ಹೇಳಿ, ಅದು ಸಮಾಧಾನವಾಗದಿದ್ದರೆ ಭಾಷ್ಯಕಾರ ಪಕ್ಷಾಂತರವನ್ನು ಹೇಳುತ್ತಾನೆ, ಅಂದರೆ ಇನ್ನೊಂದು ಸಾಧ್ಯತೆಯನ್ನು ಮುಂದಿಡುತ್ತಾನೆ. ಅದು ಮರ್ಯಾದೆಯ ಕೆಲಸವಾಗಿತ್ತು. ಪಕ್ಷಪಾತ ಎಂಬುದಕ್ಕೂ ಈಗಿನ ಕಪ್ಪು ಬಣ್ಣ ಅಂಟಿರಲಿಲ್ಲ. ಸಂಸ್ಕೃತ ಕವಿಗಳು ಅದನ್ನು ಒಲವು, ಅಭಿಮಾನ ಎಂಬ ಅರ್ಥದಲ್ಲಿ ಸಂಕೋಚವಿಲ್ಲದೆ ಬಳಸಿದ್ದಾರೆ. ಈ ವಾದದ ಮನೆಯಿಂದಲೇ ಕನ್ನಡದ ‘ಒಂದು ಪಕ್ಷ’, ‘ಬಂದ ಪಕ್ಷದಲ್ಲಿ’, ‘ಕೊನೇಪಕ್ಷ’, ‘ಕನಿಷ್ಠಪಕ್ಷ’ಗಳೂ ಹೊರಬಿದ್ದವು. ‘ಒಂದು ಪಕ್ಷ ಮಳೆ ಬಂದರೆ’ ಎನ್ನುವ ರೈತನ ಮಾತಿನಲ್ಲಿ ಭಾಷ್ಯಕಾರನ ಆ ‘ಸಾಧ್ಯತೆ’ ಇನ್ನೂ ಉಸಿರಾಡುತ್ತಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ತೀರ ಸಾತ್ವಿಕವಾಗಿಬಿಡುತ್ತದೆ. ರಾಜಕೀಯ ಈ ಪದಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪಕ್ಷ ಎರಡು ಕಡೆ ಮುಖ್ಯವಾಗಿ ಬರುತ್ತದೆ. ಒಂದು ಯುದ್ಧದ ವ್ಯೂಹದಲ್ಲಿ: ಸೈನ್ಯದ ಎದೆ ಉರಸ್ಯ, ಎರಡು ಬದಿಗೆ ಪಕ್ಷಗಳು ಮತ್ತು ಕಕ್ಷಗಳು, ಹಿಂದೆ ಪ್ರತಿಗ್ರಹ. ಇನ್ನೊಂದು ಮೊದಲ ಅಧಿಕರಣದಲ್ಲಿ, ಅದು ನಮಗೆ ಹೆಚ್ಚು ಬೇಕಾದದ್ದು. ಯಾವ ರಾಜ್ಯದಲ್ಲಾದರೂ ಒಡೆಯಬಹುದಾದವರು ಇರುತ್ತಾರೆ, ಒಡೆಯಲಾಗದವರೂ ಇರುತ್ತಾರೆ. ಇವರನ್ನು ಕೌಟಿಲ್ಯ ಕೃತ್ಯಪಕ್ಷ, ಅಕೃತ್ಯಪಕ್ಷ ಎನ್ನುತ್ತಾನೆ. ಒಡೆಯಬಹುದಾದವರಲ್ಲಿ ನಾಲ್ಕು ಬಗೆ: ಸಿಟ್ಟಾದವರು, ಹೆದರಿದವರು, ಆಸೆಬುರುಕರು, ಅಭಿಮಾನಕ್ಕೆ ಪೆಟ್ಟು ತಿಂದವರು. ನಮ್ಮ ರಾಜ್ಯದಲ್ಲಿ ಇವರನ್ನು ಕಾಪಾಡಿಕೊಳ್ಳುವುದು ಹೇಗೆ, ಎದುರಾಳಿಯ ರಾಜ್ಯದಲ್ಲಿ ಇವರನ್ನು ಸೆಳೆಯುವುದು ಹೇಗೆ ಎಂದು ಅವನು ಒಂದೊಂದು ಅಧ್ಯಾಯ ಬರೆದ. ರೆಸಾರ್ಟು, ರಾಜೀನಾಮೆಗಳ ಸುದ್ದಿ ಓದುವಾಗ ಆ ನಾಲ್ಕು ಬಗೆಯವರನ್ನು ಇಂದಿಗೂ ಹೆಸರಿಟ್ಟು ಗುರುತಿಸಬಹುದು. ಈ ಗ್ರಂಥ ಮತ್ತೆ ಬೆಳಕಿಗೆ ಬಂದದ್ದೂ ನಮ್ಮಲ್ಲೇ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರಿನ ಪಂಡಿತರೊಬ್ಬರು ಒಪ್ಪಿಸಿದ ತಾಳೆಗರಿಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಕೌಟಿಲ್ಯನ ಪಕ್ಷಕ್ಕೂ ಅಧ್ಯಕ್ಷನಿಲ್ಲ, ಪ್ರಣಾಳಿಕೆಯಿಲ್ಲ. ಅದು ಒಂದು ವಿಷಯದಲ್ಲಿ, ಒಂದು ಹೊತ್ತಿನಲ್ಲಿ ಒಂದೇ ಕಡೆ ವಾಲಿದವರ ಗುಂಪು, ಅಷ್ಟೇ.

ಕನ್ನಡ ನಾಡಿನ ಸಮಾಜದಲ್ಲಿ ಎರಡು ಬಣಗಳು ಇರಲಿಲ್ಲವೆ? ಇದ್ದವು. ಬಲಗೈಯ ಹದಿನೆಂಟು ಪಣ, ಎಡಗೈಯ ಒಂಬತ್ತು ಪಣ. ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಮದುವೆಯ ಚಪ್ಪರಕ್ಕೆ ಎಷ್ಟು ಕಂಬ ಎಂಬುದಕ್ಕೆಲ್ಲ ಅವುಗಳ ನಡುವೆ ಕಾದಾಟವಾಗುತ್ತಿತ್ತು. ಆದರೆ ಅಲ್ಲಿ ಯಾರು ಯಾವ ಕಡೆ ಎಂಬುದು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತಿತ್ತು. ವಿಚಾರ ಒಪ್ಪಿ ಒಂದು ಕಡೆ ಸೇರುವುದು, ಒಪ್ಪದೆ ಹೊರಬರುವುದು ಅಲ್ಲಿ ಸಾಧ್ಯವಿರಲಿಲ್ಲ. ಪಕ್ಷ ಎಂಬ ಪದವನ್ನು ಹೊಸ ಬಗೆಯ ಸಂಸ್ಥೆಗೆ ಆರಿಸಿಕೊಂಡವರು ಬಲ್ಲವರು ಎಂದು ನನಗೆ ಅನ್ನಿಸುವುದು ಇದಕ್ಕೇ. ಅವರು ಹುಟ್ಟಿನ ಪದವನ್ನು ಬಿಟ್ಟು ವಾದದ ಪದವನ್ನು ತೆಗೆದುಕೊಂಡರು.

ಆ ಆಯ್ಕೆ ಎಲ್ಲ ಭಾಷೆಯಲ್ಲೂ ಒಂದೇ ರೀತಿ ಆಗಲಿಲ್ಲ. ಹಿಂದಿ, ಬಂಗಾಳಿಗಳು ‘ದಲ’ವನ್ನು ಹಿಡಿದವು. ನಮ್ಮಲ್ಲಿ ದಳ ಎಂದರೆ ಎಸಳು, ಜೊತೆಗೆ ಸೈನ್ಯ. ಮೈಸೂರಿನ ದಳವಾಯಿಗಳು ಅದರ ಒಡೆಯರು. ಜನತಾ ದಳದ ಮೂಲಕ ಆ ಪದವೂ ನಮ್ಮ ಮತಪತ್ರದ ಮೇಲೆ ಬಂತು. ತಮಿಳಿನವರು ‘ಕಟ್ಚಿ’ ಎಂದರು, ಮಲಯಾಳಿಗಳು ‘ಕಕ್ಷಿ’ ಎಂದರು. ಕನ್ನಡ ಕಕ್ಷಿಯನ್ನು ಕೋರ್ಟಿಗೆ ಬಿಟ್ಟುಕೊಟ್ಟಿತು. ವಕೀಲರ ಮುಂದೆ ಕೂತವರು ಕಕ್ಷಿದಾರರು. ಮರಾಠಿಯವರೂ ನಾವೂ ಸಭೆಗೆ ‘ಪಕ್ಷ’ವನ್ನು ಇಟ್ಟುಕೊಂಡೆವು. ಇಂಗ್ಲಿಷಿನ ಪಾರ್ಟಿಯೂ ಮೂಲದಲ್ಲಿ ‘ಭಾಗ’ವೇ. ಅದು ನಮ್ಮ ಹಳ್ಳಿಗೆ ಬಂದು ‘ಎರಡು ಪಾರ್ಟಿ ಊರು’, ‘ಪಾರ್ಟಿ ಜಗಳ’ ಎಂಬ ಕಹಿ ಮಾತಾಯಿತು. ಸೈಟು ಕೊಡಿಸುವವರ ಬಾಯಲ್ಲಿ ಕೊಳ್ಳಲು ಬಂದ ಗಿರಾಕಿಯೂ ಪಾರ್ಟಿಯೇ.

ಮೈಸೂರು ಸಂಸ್ಥಾನದಲ್ಲಿ ಹೊಸ ಅರ್ಥ ಬೇರೂರಿದ್ದನ್ನು ಕಣ್ಣಾರೆ ಎಂಬಂತೆ ನೋಡಬಹುದು. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ದಸರಾ ಸಮಯದಲ್ಲಿ ಕೂಡಿಸಿದಾಗ ಬಂದವರು ತಮ್ಮ ತಾಲ್ಲೂಕಿನ ಅಹವಾಲು ಹೇಳಿಕೊಳ್ಳಲು ಬಂದವರು. ಕೆರೆ ಏರಿ ಒಡೆದಿದೆ, ರಸ್ತೆ ಬೇಕು, ಕಂದಾಯ ಹೆಚ್ಚಾಯಿತು: ಇಂಥ ಮಾತುಗಳೇ. ಒಬ್ಬೊಬ್ಬ ಪ್ರತಿನಿಧಿಗೂ ಒಂದೊಂದು ಅಹವಾಲು ಇತ್ತು, ಯಾರಿಗೂ ಪಕ್ಷವಿರಲಿಲ್ಲ. 1917ರಲ್ಲಿ ಬ್ರಾಹ್ಮಣೇತರರ ಹಕ್ಕಿಗಾಗಿ ಹುಟ್ಟಿದ ಸಂಘಟನೆ ತನ್ನನ್ನು ‘ಪ್ರಜಾಮಿತ್ರ ಮಂಡಳಿ’ ಎಂದು ಕರೆದುಕೊಂಡಿತು. ಆಗಲೂ ಹೆಸರಿನಲ್ಲಿ ಪಕ್ಷ ಇಲ್ಲ, ಮಂಡಳಿ. 1930ರ ಆಸುಪಾಸಿಗೆ ಕೆ.ಸಿ. ರೆಡ್ಡಿ ಮತ್ತು ಸಂಗಡಿಗರು ಜವಾಬ್ದಾರಿ ಸರ್ಕಾರ ಬೇಕೆಂದು ಕಟ್ಟಿದ ಸಂಘಟನೆಯ ಹೆಸರು ‘ಪ್ರಜಾಪಕ್ಷ’. ಮಂಡಳಿಯೂ ಪಕ್ಷವೂ ಕೂಡಿ ‘ಪ್ರಜಾಸಂಯುಕ್ತ ಪಕ್ಷ’ವಾಯಿತು, 1937ರಲ್ಲಿ ಅದು ಕಾಂಗ್ರೆಸ್ಸಿನೊಳಗೆ ಸೇರಿತು. ಹತ್ತು ವರ್ಷದ ಮೇಲೆ ಕೆ.ಸಿ. ರೆಡ್ಡಿಯವರೇ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಮಂಡಳಿಯಿಂದ ಪಕ್ಷಕ್ಕೆ ಬರಲು ಹಿಡಿದ ಕಾಲ ಒಂದು ತಲೆಮಾರಿಗಿಂತ ಕಡಿಮೆ.

ಈಗ ವಿಶ್ವೇಶ್ವರಯ್ಯನವರ ಪ್ರಶ್ನೆಗೆ ಬರೋಣ. ಅವರು ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಅಂದರೆ ‘ಪಕ್ಷ’ ಎಂಬ ಪದಕ್ಕೆ ಮೈಸೂರಿನಲ್ಲಿ ಸಂಸ್ಥೆಯ ಅರ್ಥ ಬರುವ ಮುಂಚೆ. ಅವರ ನಿಲುವುಗಳನ್ನು ಒಂದೊಂದಾಗಿ ತೆಗೆದು ನೋಡಿ. ಕೈಗಾರಿಕೆ ಇಲ್ಲದೆ ಈ ದೇಶಕ್ಕೆ ಉಳಿವಿಲ್ಲ ಎಂದು ನಂಬಿದ್ದರು. ಗಾಂಧೀಜಿಯವರ ಚರಕದ ಅರ್ಥನೀತಿಗೆ ಅದು ಎದುರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಸರ್ಕಾರವೇ ಕಟ್ಟಬೇಕು, ಸರ್ಕಾರವೇ ನಡೆಸಬೇಕು ಎಂದರು. 1923ರಲ್ಲಿ ಅದು ಕೆಲಸ ಆರಂಭಿಸಿ ನಷ್ಟದಲ್ಲಿ ಬಿದ್ದಾಗ ದಿವಾನಗಿರಿ ಬಿಟ್ಟಿದ್ದರೂ ಆಡಳಿತ ಮಂಡಳಿಯ ಅಧ್ಯಕ್ಷತೆ ಹೊತ್ತು ಅದನ್ನು ಎತ್ತಿ ನಿಲ್ಲಿಸಿದರು. 1934ರಲ್ಲಿ, ಯೋಜನಾ ಆಯೋಗ ಹುಟ್ಟುವುದಕ್ಕೆ ಹದಿನಾರು ವರ್ಷ ಮುಂಚೆ, ಹತ್ತು ವರ್ಷದಲ್ಲಿ ದೇಶದ ಆದಾಯವನ್ನು ಇಮ್ಮಡಿಗೊಳಿಸುವ ಯೋಜನೆಯ ಪುಸ್ತಕ ಬರೆದರು. ಇಷ್ಟನ್ನು ಓದಿದವರು ಅವರನ್ನು ಎಡಗಡೆಯ ಸಾಲಿನಲ್ಲಿ ಕೂರಿಸಬಹುದು. ಆದರೆ 1941ರಲ್ಲಿ ಉದ್ಯಮಿಗಳ ಅಖಿಲ ಭಾರತ ಸಂಘಟನೆ ಕಟ್ಟಿದವರೂ ಅವರೇ. ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ, ಕನ್ನಡ ಸಾಹಿತ್ಯ ಪರಿಷತ್ತು ಮೂರರ ಹುಟ್ಟಿನಲ್ಲೂ ಅವರ ಕೈಯಿದೆ. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾನೂನು ಅವರ ಕಾಲದ್ದೇ.

ಮೀಸಲಾತಿಯ ವಿಷಯದಲ್ಲಿ ಮಾತ್ರ ಅವರು ಬೇರೆ ಕಡೆ ನಿಂತರು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ವರದಿ ಮಾಡಲು ನಾಲ್ವಡಿಯವರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿದರು. ಶಿಕ್ಷಣ ಹರಡಿದರೆ ಎಲ್ಲರೂ ಮೇಲೆ ಬರುತ್ತಾರೆ, ನೌಕರಿಯನ್ನು ಜಾತಿಗೆ ಹಂಚಿದರೆ ಆಡಳಿತದ ದಕ್ಷತೆ ಕುಗ್ಗುತ್ತದೆ ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಆ ವರ್ಷದ ಕೊನೆಗೆ ಅವರು ಹುದ್ದೆ ಬಿಟ್ಟರು. 1919ರಲ್ಲಿ ಮಿಲ್ಲರ್ ವರದಿ ಬಂತು, 1921ರಲ್ಲಿ ಆದೇಶವಾಯಿತು. ಈ ವಿಷಯದಲ್ಲಿ ಮಹಾರಾಜರದೇ ಸರಿ, ದಿವಾನರದು ತಪ್ಪು ಎಂದು ನಾನು ದೃಢವಾಗಿ ನಂಬಿದ್ದೇನೆ. ಶಾಲೆ ತೆರೆದರೆ ಸಾಕು, ಕಚೇರಿಯ ಬಾಗಿಲು ತಾನಾಗಿ ತೆರೆಯುತ್ತದೆ ಎಂಬ ಅವರ ಎಣಿಕೆ ನಮ್ಮ ಸಮಾಜವನ್ನು ಸರಿಯಾಗಿ ಅಳೆದದ್ದಲ್ಲ. ಆದರೆ ಹುದ್ದೆಗೆ ಅಂಟಿಕೊಳ್ಳದೆ ತಮ್ಮ ಪಕ್ಷವನ್ನು ಹೇಳಿ ಹೊರಟ ಆ ನಡೆಗೆ ಗೌರವ ಸಲ್ಲಲೇಬೇಕು. ಇಲ್ಲಿ ‘ತಮ್ಮ ಪಕ್ಷ’ ಎಂದರೆ ತಮ್ಮ ನಿಲುವು.

ಇವರನ್ನು ಈಗಿನ ಯಾವ ಪಕ್ಷದಲ್ಲಿ ಕೂರಿಸುತ್ತೀರಿ? ಸರ್ಕಾರಿ ಕಾರ್ಖಾನೆ ಒಂದು ಪಕ್ಷಕ್ಕೆ ಹಿಡಿಸುತ್ತದೆ, ಮೀಸಲಾತಿಯ ವಿರೋಧವನ್ನು ಇಂದು ಯಾವ ಪಕ್ಷವೂ ಬಾಯಿಬಿಟ್ಟು ಹೇಳಲಾರದು, ಉದ್ಯಮಿಗಳ ಸಂಘಟನೆ ಇನ್ನೊಂದಕ್ಕೆ ಹೊಂದುತ್ತದೆ, ಅರಸನ ಸೇವೆ ಯಾವುದಕ್ಕೂ ಹೊಂದುವುದಿಲ್ಲ. 1922ರ ಜನವರಿಯಲ್ಲಿ, ಗಾಂಧೀಜಿ ಮತ್ತು ಬ್ರಿಟಿಷ್ ಸರ್ಕಾರದ ನಡುವೆ ಮಾತುಕತೆಗೆ ದಾರಿ ಹುಡುಕಲು ನಾನಾ ನಿಲುವಿನ ನಾಯಕರು ಬೊಂಬಾಯಿಯಲ್ಲಿ ಸೇರಿದ್ದರು. ಸಭೆಯ ಅಧ್ಯಕ್ಷತೆ ವಹಿಸಿದ್ದ ಶಂಕರನ್ ನಾಯರ್ ನಡುವೆಯೇ ಎದ್ದು ಹೋದಾಗ ಆ ಕುರ್ಚಿಯಲ್ಲಿ ಕೂರಿಸಿದ್ದು ವಿಶ್ವೇಶ್ವರಯ್ಯನವರನ್ನು. ಯಾವ ಬಣಕ್ಕೂ ಸೇರದವರು ಎಂಬುದೇ ಅವರ ಅರ್ಹತೆಯಾಗಿತ್ತು.

ಪಕ್ಷ ಕಟ್ಟಿದವರ ಕಥೆಯಾದರೂ ಸುಲಭವೆ? ಅಂಬೇಡ್ಕರ್ 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1938ರಲ್ಲಿ ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ ಕಮ್ಯುನಿಸ್ಟರ ಜೊತೆಯಲ್ಲಿ ಮುಷ್ಕರಕ್ಕೆ ಇಳಿದರು. 1942ರಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟ ಕಟ್ಟಿದರು. ಕಾಂಗ್ರೆಸ್ಸನ್ನು ಕಟುವಾಗಿ ಟೀಕಿಸುತ್ತಲೇ ಬಂದವರು 1947ರಲ್ಲಿ ನೆಹರೂ ಸಂಪುಟದ ಕಾನೂನು ಮಂತ್ರಿಯಾದರು, ಹಿಂದೂ ಸಂಹಿತೆಯ ಮಸೂದೆ ನೆನೆಗುದಿಗೆ ಬಿದ್ದಾಗ 1951ರಲ್ಲಿ ಹೊರಬಂದರು. ಅವರು ಕಲ್ಪಿಸಿದ ರಿಪಬ್ಲಿಕನ್ ಪಕ್ಷ ಸ್ಥಾಪನೆಯಾದದ್ದು ಅವರು ತೀರಿಕೊಂಡ ಮರುವರ್ಷ. ಅದೇ ಮೊದಲ ಸಂಪುಟದಲ್ಲಿ ಹಿಂದೂ ಮಹಾಸಭೆಯ ಶ್ಯಾಮಪ್ರಸಾದ್ ಮುಖರ್ಜಿಯವರೂ ಇದ್ದರು, ಕಾಂಗ್ರೆಸ್ಸಿನ ಹೊರಗಿನ ಷಣ್ಮುಖಂ ಚೆಟ್ಟಿಯವರೂ ಇದ್ದರು. ಸಂವಿಧಾನ ಸಭೆಯ ಕೊನೆಯ ದಿನಗಳಲ್ಲಿ, 1949ರ ನವೆಂಬರ್ 25ರಂದು, ಪಕ್ಷಗಳು ತಮ್ಮ ಮತವನ್ನು ದೇಶಕ್ಕಿಂತ ಮೇಲಿಟ್ಟರೆ ಸ್ವಾತಂತ್ರ್ಯಕ್ಕೇ ಅಪಾಯ ಎಂದು ಅಂಬೇಡ್ಕರ್ ಎಚ್ಚರಿಸಿದರು. ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಎಂದದ್ದೂ ಅದೇ ಭಾಷಣದಲ್ಲಿ. ಅವರ ಪುತ್ಥಳಿಗೆ ಹಾರ ಹಾಕಲು ಎಲ್ಲ ಪಕ್ಷದವರೂ ಸಾಲುಗಟ್ಟುತ್ತಾರೆ. ಆ ಭಾಷಣವನ್ನು ಓದಿದವರು ಆ ಸಾಲಿನಲ್ಲಿ ಹೆಚ್ಚಬೇಕು.

ರಾಜಾಜಿಯವರದು ಇನ್ನೂ ಬೇರೆ ದಾರಿ. ಹೊಸೂರಿನ ಹತ್ತಿರ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಅವರು, ಮದರಾಸಿನ ಪ್ರಧಾನಿಯಾಗಿ 1937ರ ನಂತರ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿದರು. ಅದೇ ರಾಜಾಜಿ ಅರವತ್ತರ ದಶಕದಲ್ಲಿ ಹಿಂದಿ ಹೇರಿಕೆಯನ್ನು ವಿರೋಧಿಸಿದರು. ಕಾಂಗ್ರೆಸ್ಸಿನ ಸಮಾಜವಾದ ಒಪ್ಪದೆ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು, 1967ರಲ್ಲಿ ಡಿಎಂಕೆ ಜೊತೆ ಕೈಜೋಡಿಸಿದರು. ಇವರು ಯಾವ ಪಕ್ಷದವರು ಎಂದು ಕೇಳಿದರೆ, ಯಾವ ವರ್ಷದ ರಾಜಾಜಿ ಎಂದು ಮೊದಲು ಕೇಳಬೇಕಾಗುತ್ತದೆ.

ನಮ್ಮದೇ ರಾಜ್ಯದ 1978ರ ನವೆಂಬರನ್ನು ನೆನೆಯಿರಿ. ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ. ಒಂದು ಕಡೆ ಇಂದಿರಾ ಗಾಂಧಿ, ಅವರ ಬೆನ್ನಿಗೆ ಮುಖ್ಯಮಂತ್ರಿ ದೇವರಾಜ ಅರಸು. ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲ್. ಪಾಟೀಲರು 1969ರಲ್ಲಿ ನಿಜಲಿಂಗಪ್ಪನವರ ಜೊತೆ ನಿಂತವರು. ಆ ವರ್ಷದ ನವೆಂಬರಿನಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ಇಂದಿರಾ ಅವರನ್ನು ಪಕ್ಷದಿಂದ ಉಚ್ಚಾಟಿಸಿದವರು ಚಿತ್ರದುರ್ಗದ ಇದೇ ನಿಜಲಿಂಗಪ್ಪ. ಒಡೆದ ಎರಡೂ ಹೋಳುಗಳು ತಾವೇ ಕಾಂಗ್ರೆಸ್ ಎಂದವು. ಹಳೆಯ ಜೋಡೆತ್ತಿನ ಗುರುತು ಯಾರಿಗೂ ಉಳಿಯಲಿಲ್ಲ. ಚಿಕ್ಕಮಗಳೂರಿನಲ್ಲಿ ಇಂದಿರಾ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಮರುವರ್ಷವೇ ಅರಸು ಅವರಿಂದ ದೂರವಾದರು. 1982ರಲ್ಲಿ ತೀರಿಕೊಂಡಾಗ ಅವರು ಇಂದಿರಾ ಕಾಂಗ್ರೆಸ್ಸಿನ ಹೊರಗಿದ್ದರು. ವೀರೇಂದ್ರ ಪಾಟೀಲರು ಆ ಕಾಂಗ್ರೆಸ್ಸಿಗೇ ಮರಳಿ 1989ರಲ್ಲಿ ಅದರ ಮುಖ್ಯಮಂತ್ರಿಯಾದರು. ಹನ್ನೊಂದು ವರ್ಷದೊಳಗೆ, ಬದುಕಿದ್ದಾಗಲೇ, ಇಬ್ಬರೂ ಸ್ಥಾನ ಅದಲುಬದಲು ಮಾಡಿಕೊಂಡರು. ಎಂಟುನೂರು ವರ್ಷದ ಹಿಂದಿನ ಬಸವಣ್ಣನವರಿಗೆ ನಾವು ಪಕ್ಷ ಹುಡುಕಲು ಹೊರಟಿದ್ದೇವೆ!

ವ್ಯಕ್ತಿಗಳು ಪಕ್ಷ ಬದಲಿಸಿದ್ದಕ್ಕಿಂತ ನಿಲುವುಗಳು ಪಕ್ಷ ಬದಲಿಸಿದ್ದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸಿಡಿದೆದ್ದರು. ಜಗಳ ಹತ್ತಿಕೊಂಡದ್ದು ಕೊಳಗದಿಂದ. ಗೇಣಿಯ ಭತ್ತ ಅಳೆಯುವಾಗ ಒಡೆಯರ ಕೊಳಗ ದೊಡ್ಡದಿರುತ್ತಿತ್ತು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದರು ರೈತರು. ಹೋರಾಟ ಸಮಾಜವಾದಿಗಳದ್ದು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಅದನ್ನು ಮುನ್ನಡೆಸಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ ಗೋಪಾಲಗೌಡರು ವಿಧಾನಸಭೆಯಲ್ಲಿ ವಿರೋಧ ಪಕ್ಷದ ಸಾಲಿನಲ್ಲೇ ಕೂತು ಉಳುವವನಿಗೇ ಹೊಲ ಎಂಬ ಪಕ್ಷವನ್ನು ಮಂಡಿಸುತ್ತ ಬಂದರು. 1972ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಮುಖ್ಯಮಂತ್ರಿಯಾದ ಅರಸು, ಗೋಪಾಲಗೌಡರು ಜೀವಮಾನವೆಲ್ಲ ಎದುರಿಸಿದ ಕಾಂಗ್ರೆಸ್ಸಿನವರು. ಅವರ ಸರ್ಕಾರ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂತು. ಮಲೆನಾಡು, ಕರಾವಳಿಯ ಗೇಣಿದಾರರು ‘ಡಿಕ್ಲರೇಷನ್’ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ನಿಂತು ಜಮೀನಿನ ಒಡೆಯರಾದರು. ಕಾಗೋಡಿನ ಕೊಳಗದ ಪಕ್ಷ ಒಂದು ಪಕ್ಷದಲ್ಲಿ ಹುಟ್ಟಿ ಇನ್ನೊಂದು ಪಕ್ಷದಲ್ಲಿ ಕಾನೂನಾಯಿತು. ಹಾಗೆಯೇ ಮಿಲ್ಲರ್ ಸಮಿತಿಯ ಪಕ್ಷ ಅರಮನೆಯಿಂದ ಹೊರಟು, ಹಿಂದುಳಿದ ವರ್ಗಗಳ ಬಗೆಗಿನ ಹಾವನೂರರ 1975ರ ವರದಿಯವರೆಗೆ ನಡೆದುಬಂತು.

ನಿಲುವು ಹೀಗೆ ಬೇಲಿ ದಾಟುವುದು ಇಂದು ಕಷ್ಟವಾಗಿದೆ, ಅದಕ್ಕೊಂದು ಕಾರಣ ಕಾನೂನಿನಲ್ಲೇ ಇದೆ. ನಮ್ಮ ಸಂವಿಧಾನದಲ್ಲಿ ರಾಜಕೀಯ ಪಕ್ಷ ಎಂಬ ಮಾತು 1950ರಲ್ಲಿ ಇರಲಿಲ್ಲ. ಅದು ಒಳಗೆ ಬಂದದ್ದು 1985ರ ಐವತ್ತೆರಡನೆಯ ತಿದ್ದುಪಡಿಯಿಂದ, ಪಕ್ಷಾಂತರವನ್ನು ತಡೆಯುವ ಹತ್ತನೆಯ ಅನುಸೂಚಿಯ ಮೂಲಕ. 1967ರ ನಂತರ ಶಾಸಕರು ಬೆಳಗ್ಗೆ ಒಂದು ಕಡೆ, ಸಂಜೆ ಒಂದು ಕಡೆ ಎಂಬಂತೆ ಹಾರಾಡಿದ್ದರಿಂದ ಇಂಥ ಕಾನೂನು ಬೇಕಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ಇನ್ನೊಂದೂ ಆಯಿತು. ಸದನದಲ್ಲಿ ತನ್ನ ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಭಾಷ್ಯಕಾರನಿಗೆ ಮರ್ಯಾದೆ ತಂದಿದ್ದ ಪಕ್ಷಾಂತರ, ಅಂದರೆ ‘ಇನ್ನೊಂದು ಸಾಧ್ಯತೆಯನ್ನೂ ನೋಡಿ’ ಎಂಬ ಮಾತು, ಇಂದು ಅನರ್ಹತೆಗೆ ಕಾರಣ. ಹಣಕ್ಕೆ ಹಾರುವವನಿಗೂ ಒಂದು ಮಸೂದೆಯ ಮೇಲೆ ಪ್ರಾಮಾಣಿಕವಾಗಿ ಬೇರೆ ಮತ ಹಾಕುವವನಿಗೂ ಕಾನೂನು ವ್ಯತ್ಯಾಸ ಕಾಣುತ್ತಿಲ್ಲ. ವಿಶ್ವಾಸಮತ ಮತ್ತು ಬಜೆಟ್ ಬಿಟ್ಟು ಉಳಿದ ವಿಷಯಗಳಲ್ಲಿ ವಿಪ್ ಇರಕೂಡದು ಎಂಬ ಬಹುಕಾಲದ ಸಲಹೆಯನ್ನು ಜಾರಿಗೆ ತರಬೇಕೆಂಬುದು ನನ್ನ ಮತ.

ಆ ಮೊದಲ ಪ್ರಶ್ನೆಯನ್ನು ಯಾರೂ ಕೇಳಬಾರದು ಎಂದು ಹೇಳುತ್ತಿಲ್ಲ. ಹಿರಿಯರನ್ನು ಇಂದಿನ ಜಗಳಕ್ಕೆ ಸಾಕ್ಷಿಗಳಾಗಿ ಕರೆಯುವುದು ಜೀವಂತ ಸಮಾಜದ ಲಕ್ಷಣ. ಕರೆದ ಮೇಲೆ ಅವರ ಹೇಳಿಕೆಯನ್ನು ಪೂರ್ತಿ ಕೇಳಬೇಕು, ನಮಗೆ ಒಗ್ಗದ ಭಾಗವನ್ನೂ ಕೇಳಬೇಕು. ಕೇಳಲು ಬೇಕಾದದ್ದೆಲ್ಲ ಕೈಗೆಟಕುವಷ್ಟು ಹತ್ತಿರ ಇದೆ. ಅಂಬೇಡ್ಕರ್ ಅವರ ಬರಹ, ಭಾಷಣಗಳ ಸಂಪುಟಗಳನ್ನು ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಕನ್ನಡದಲ್ಲಿ ತಂದಿದೆ. ವಿಶ್ವೇಶ್ವರಯ್ಯನವರು ತಮ್ಮ ಕೆಲಸದ ನೆನಪುಗಳನ್ನು 1951ರಲ್ಲಿ ತಾವೇ ಪುಸ್ತಕ ಮಾಡಿ ಬಿಟ್ಟುಹೋಗಿದ್ದಾರೆ. ಮುಂದಿನ ಸಲ ಯಾರಾದರೂ ಒಬ್ಬ ಹಿರಿಯರನ್ನು ತಮ್ಮ ಪಕ್ಷದ ಪೋಸ್ಟರಿನ ಮೇಲೆ ಅಂಟಿಸಿದಾಗ, ಯಾವ ವಿಷಯದಲ್ಲಿ, ಯಾವ ವರ್ಷ, ಅವರು ಏನು ಹೇಳಿದ್ದರು ಎಂದು ದಯವಿಟ್ಟು ಕೇಳಿ. ಉತ್ತರ ಬಾರದಿದ್ದರೆ ಆ ಸಂಪುಟವನ್ನು ನೀವೇ ತೆರೆಯಿರಿ.